ಲ್ಯಾಪ್‌ಟಾಪ್ ತುಂಬಿದೆ, ಅಪ್ಪನ ಬಯಲಾಟದ ವಿಡಿಯೋ ಹೋಗಬಾರದು: ಜಾಗ ಮಾಡಿಕೊಂಡವರ ಅನುಭವಗಳು

ಪ್ರಶ್ನೆ, ಬ್ರಹ್ಮಾವರದಿಂದ

ನಮಸ್ಕಾರ. ನಮ್ಮ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್, 256 ಜಿಬಿಯದ್ದು, ವಿಂಡೋಸ್ 11. ಸಿ ಡ್ರೈವ್ ಕೆಂಪು ತೋರಿಸುತ್ತಿದೆ, 4 ಜಿಬಿ ಕೂಡ ಉಳಿದಿಲ್ಲ. ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ, ಒಂದು ವರ್ಡ್ ಫೈಲ್ ಉಳಿಸಲೂ ಹೊತ್ತು ಹಿಡಿಯುತ್ತದೆ. ಮೂವರ ಸಾಮಾನು ಅದರೊಳಗಿದೆ: ಮಂದಾರ್ತಿ ಮೇಳದ ಯಕ್ಷಗಾನ ಆಟಗಳನ್ನು ಅಪ್ಪ ಫೋನಿನಲ್ಲಿ ಚಿತ್ರೀಕರಿಸಿ ತಂದು ಹಾಕಿದ ವಿಡಿಯೋಗಳು, ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿರುವ ತಮ್ಮನ ಅಂಗಡಿಯ ಲೆಕ್ಕ, ನನ್ನ ಶಾಲೆಯ ಪ್ರಶ್ನೆಪತ್ರಿಕೆಗಳು ಮತ್ತು ಫೋಟೋಗಳು. ಪರಿಚಯದವರೊಬ್ಬರು "ಫಾರ್ಮ್ಯಾಟ್ ಮಾಡಿಬಿಡಿ" ಎಂದರು. ಅಪ್ಪನ ವಿಡಿಯೋಗಳಲ್ಲಿ ಈಗ ತೀರಿಹೋಗಿರುವ ಕಲಾವಿದರ ವೇಷಗಳಿವೆ, ಒಂದೂ ಹೋಗಬಾರದು. ಏನನ್ನು ಅಳಿಸಬಹುದು, ಏನನ್ನು ಮುಟ್ಟಬಾರದು? ಇಂಥ ಪರಿಸ್ಥಿತಿಯಲ್ಲಿ ಜಾಗ ಮಾಡಿಕೊಂಡವರು ದಯವಿಟ್ಟು ತಿಳಿಸಿ.

ಮಣಿಪಾಲದಿಂದ, ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು

ಅಕ್ಕ, ಫಾರ್ಮ್ಯಾಟ್ ಮಾಡಬೇಡಿ. ಅಳಿಸುವ ಕೆಲಸಕ್ಕೂ ಈಗಲೇ ಕೈ ಹಾಕಬೇಡಿ. ಜಾಗವನ್ನು ಯಾವುದು ತಿಂದಿದೆ ಎಂದು ಮೊದಲು ಕಣ್ಣಾರೆ ನೋಡಿ. ನಮ್ಮ ಲ್ಯಾಬಿಗೆ ಬರುವ ವಿದ್ಯಾರ್ಥಿಗಳು ಗಾಬರಿಯಲ್ಲಿ ಸಣ್ಣ ಸಣ್ಣ ಫೈಲುಗಳನ್ನು ನೂರಾರು ಅಳಿಸಿರುತ್ತಾರೆ. ಅದರಿಂದ ಒಂದು ಜಿಬಿಯೂ ಸಿಕ್ಕಿರುವುದಿಲ್ಲ, ಬೇಕಾದದ್ದು ಮಾತ್ರ ಹೋಗಿರುತ್ತದೆ.

ಮೊದಲು ಒಂದು ಸಮಾಧಾನದ ಮಾತು. 256 ಜಿಬಿ ಎಂದು ಕೊಂಡ ಡಿಸ್ಕ್ ವಿಂಡೋಸಿನಲ್ಲಿ 238 ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಆ 18 ಜಿಬಿಯನ್ನು ಯಾವ ವೈರಸ್ಸೂ ಕದ್ದಿಲ್ಲ.

ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್ ತೆರೆಯಿರಿ. ಆ್ಯಪ್‌ಗಳಿಗೆಷ್ಟು, ತಾತ್ಕಾಲಿಕ ಫೈಲುಗಳಿಗೆಷ್ಟು, ವಿಡಿಯೋಗಳಿಗೆಷ್ಟು ಎಂದು ಅಲ್ಲಿ ತೋರಿಸುತ್ತದೆ. ಫೋಲ್ಡರ್ ಫೋಲ್ಡರಾಗಿ ನೋಡಬೇಕೆಂದರೆ ವಿನ್‌ಡರ್‌ಸ್ಟಾಟ್ ಎಂಬ ಉಚಿತ ತಂತ್ರಾಂಶವಿದೆ. ಇಡೀ ಡ್ರೈವನ್ನು ಬಣ್ಣಬಣ್ಣದ ಚೌಕಗಳಾಗಿ ಬಿಡಿಸಿ ಇಡುತ್ತದೆ. ಫೈಲ್ ದೊಡ್ಡದಿದ್ದಷ್ಟೂ ಚೌಕ ದೊಡ್ಡದು. ಚೌಕವನ್ನು ಒತ್ತಿದರೆ ಫೈಲಿನ ಹೆಸರೂ ಅದು ಇರುವ ಸ್ಥಳವೂ ಕಾಣುತ್ತವೆ. ನಿಮ್ಮಲ್ಲಿ ಅರ್ಧ ಪರದೆಯನ್ನು ಅಪ್ಪನ ವಿಡಿಯೋಗಳೇ ತುಂಬಿದ್ದರೆ ನನಗೆ ಆಶ್ಚರ್ಯವಿಲ್ಲ.

ಯೋಚಿಸದೆ ತೆಗೆಯಬಹುದಾದದ್ದು ಸ್ಟೋರೇಜ್ ಪುಟದ ತಾತ್ಕಾಲಿಕ ಫೈಲುಗಳ ಪಟ್ಟಿಯಲ್ಲಿದೆ. ದೊಡ್ಡ ಅಪ್‌ಡೇಟ್ ಆದ ಬಳಿಕ ಹಳೆಯ ವಿಂಡೋಸಿನ ಪೂರ್ತಿ ಪ್ರತಿಯೊಂದು ಡಿಸ್ಕಿನಲ್ಲೇ ಉಳಿಯುತ್ತದೆ. ಹೊಸದು ಒಗ್ಗದಿದ್ದರೆ ಹಿಂದಿರುಗಲೆಂದು 10 ದಿನ ಇಟ್ಟುಕೊಂಡು ವಿಂಡೋಸ್ ಅದನ್ನು ತಾನೇ ಅಳಿಸಬೇಕು, ಒಮ್ಮೊಮ್ಮೆ ಅದು ಉಳಿದುಬಿಡುತ್ತದೆ. ಪಟ್ಟಿಯಲ್ಲಿ "ಹಿಂದಿನ ವಿಂಡೋಸ್" ಎಂಬ ಅರ್ಥದ ಸಾಲು ಕಂಡರೆ ಗುರುತು ಹಾಕಿ, ಹತ್ತಾರು ಜಿಬಿ ಒಮ್ಮೆಗೇ ಸಿಗಬಹುದು. ಆದರೆ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರಿನ ಹೆಸರೂ ಇರುತ್ತದೆ. ಅದಕ್ಕೆ ಮಾತ್ರ ಗುರುತು ಹಾಕಬೇಡಿ. ನಮ್ಮಲ್ಲಿ ಬಹಳ ಮಂದಿ ಆಧಾರ್ ಪ್ರತಿ, ಅಂಕಪಟ್ಟಿ, ಪಹಣಿ ಎಲ್ಲವನ್ನೂ ಡೌನ್‌ಲೋಡ್ಸ್‌ನಲ್ಲೇ ಬಿಟ್ಟಿರುತ್ತಾರೆ. ಅದನ್ನು ಕೈಯಾರೆ, ಒಂದೊಂದಾಗಿ ನೋಡಿ ತೆಗೆಯಬೇಕು.

ವಿಂಡೋಸ್ ಫೋಲ್ಡರಿನ ಒಳಗೆ ಕೈ ಹಾಕಿ ಏನನ್ನೂ ಅಳಿಸಬೇಡಿ. ಅಲ್ಲಿ ವಿನ್‌ಎಸ್‌ಎಕ್ಸ್‌ಎಸ್ ಎಂಬ ಭಾರಿ ಗಾತ್ರದ ಫೋಲ್ಡರ್ ಕಾಣುತ್ತದೆ. ಒಂದೇ ಫೈಲು ಎರಡು ಕಡೆ ಹೆಸರಾಗಿ ಕಾಣುವುದರಿಂದ ಅದರ ಗಾತ್ರ ಇದ್ದದ್ದಕ್ಕಿಂತ ಹೆಚ್ಚಾಗಿ ತೋರುತ್ತದೆ. ಅದನ್ನು ತೆಗೆದರೆ ಲ್ಯಾಪ್‌ಟಾಪ್ ಏಳುವುದೇ ಇಲ್ಲ.

ಕುಂದಾಪುರದಿಂದ, ಮದುವೆ ಮತ್ತು ಆಟಗಳ ವಿಡಿಯೋ ಮಾಡುವವರು

ಮಣಿಪಾಲದವರು ಹೇಳಿದ್ದು ಸರಿ, ಆದರೆ ನಿಮ್ಮ ಸಮಸ್ಯೆಯ ಬೇರು ವಿಡಿಯೋದಲ್ಲಿದೆ. ಲೆಕ್ಕ ನೋಡಿ. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲೇ ಬರೆದಿದೆ: ಸಾಮಾನ್ಯ 1080 ಗುಣಮಟ್ಟದಲ್ಲಿ, ಸೆಕೆಂಡಿಗೆ 30 ಚೌಕಟ್ಟಿನಂತೆ, ಒಂದು ನಿಮಿಷಕ್ಕೆ ಸುಮಾರು 60 ಎಂಬಿ. 4ಕೆ ಆದರೆ 170 ಎಂಬಿ. ರಾತ್ರಿಯಿಡೀ ನಡೆಯುವ ಎಂಟು ಗಂಟೆಯ ಆಟಕ್ಕೆ ಮೊದಲನೆಯದರಲ್ಲಿ 29 ಜಿಬಿ ಬೇಕು, ಎರಡನೆಯದರಲ್ಲಿ 80 ಜಿಬಿಗೂ ಹೆಚ್ಚು ಬೇಕು. 4ಕೆಯಲ್ಲಿ ಮೂರು ಆಟ ಹಿಡಿದರೆ ನಿಮ್ಮ ಲ್ಯಾಪ್‌ಟಾಪ್ ಮುಗಿಯಿತು. ನಿಮ್ಮ ತಂದೆಯವರ ಫೋನು ಬೇರೆ ಕಂಪನಿಯದ್ದಾದರೆ ಅಂಕಿ ತುಸು ಬದಲಾದೀತು, ಕತೆ ಬದಲಾಗದು.

ಆದ್ದರಿಂದ ವಿಡಿಯೋಗಳ ಜಾಗ ಲ್ಯಾಪ್‌ಟಾಪ್ ಅಲ್ಲ. ಹೊರಗಿನ ಹಾರ್ಡ್ ಡಿಸ್ಕ್ ಎರಡು ಕೊಳ್ಳಿ. ಒಂದು ಸಾಲದೇ ಎಂದು ಕೇಳುತ್ತಾರೆ, ಸಾಲದು. ಒಂದೇ ಡಿಸ್ಕಿಗೆ ಸಾಗಿಸಿ ಲ್ಯಾಪ್‌ಟಾಪಿನಿಂದ ಅಳಿಸಿದರೆ ನಿಮ್ಮ ಹತ್ತಿರ ಆಗಲೂ ಇರುವುದು ಒಂದೇ ಪ್ರತಿ, ಅದೂ ಕೈಜಾರಿ ಬೀಳಬಹುದಾದ ಪೆಟ್ಟಿಗೆಯಲ್ಲಿ. ಎರಡಕ್ಕೂ ಪ್ರತಿ ಮಾಡಿ, ಎರಡನ್ನೂ ತೆರೆದು ನೋಡಿ, ಆಮೇಲೆ ಅಳಿಸಿ.

ತೆರೆದು ನೋಡುವುದೆಂದರೆ ಹೀಗೆ. ಮೂಲ ಫೈಲಿನ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿ. ಗಾತ್ರ ಜಿಬಿಯಲ್ಲಿದ್ದು, ಪಕ್ಕದಲ್ಲಿ ಆವರಣದೊಳಗೆ ಬೈಟುಗಳ ಉದ್ದದ ಸಂಖ್ಯೆ ಇರುತ್ತದೆ. ಪ್ರತಿಯಲ್ಲೂ ಅದೇ ಸಂಖ್ಯೆ, ಕೊನೆಯ ಅಂಕೆಯವರೆಗೆ, ಇರಬೇಕು. ಬಳಿಕ ಪ್ರತಿಯನ್ನು ಹಚ್ಚಿ ಆರಂಭ, ನಡು, ಕೊನೆ ಮೂರು ಕಡೆ ಸ್ವಲ್ಪ ಸ್ವಲ್ಪ ನೋಡಿ. ಭಾಗವತರ ಹಾಡು ಕೇಳುತ್ತಿದೆಯೇ, ಚಿತ್ರ ಓಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪೆನ್ ಡ್ರೈವಿಗೆ ಹಾಕಲು ಹೋದರೆ ಜಾಗವಿದ್ದರೂ "ಫೈಲ್ ತೀರ ದೊಡ್ಡದು" ಎಂದು ಬರಬಹುದು. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಸಿದ್ಧಪಡಿಸಿದ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಬೇಕು. ಹಳೆಯ ಕ್ಯಾಮೆರಾಗಳು ಇದೇ ಕಾರಣಕ್ಕೆ ಒಂದು ಆಟವನ್ನು 4 ಜಿಬಿಯ ತುಂಡುಗಳಾಗಿ ಕತ್ತರಿಸಿ ಇಡುತ್ತಿದ್ದವು. ಅಂಥ ತುಂಡುಗಳಿದ್ದರೆ ಒಂದೇ ಗಾತ್ರದವೆಂದು "ನಕಲು" ಎಂದು ತಿಳಿದು ತೆಗೆಯಬೇಡಿ. ಪ್ರಸಂಗದ ನಡುಭಾಗವೇ ಹೋದೀತು.

ಗಾತ್ರ ಇಳಿಸಲೂ ದಾರಿಯಿದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264 ಎಂಬ ಹಳೆಯ ಕುಗ್ಗಿಸುವ ವಿಧಾನದ ವಿಡಿಯೋವನ್ನು ಹೊಸ ಎಚ್.265ಕ್ಕೆ ಬದಲಿಸಿದರೆ ಹೆಚ್ಚುಕಡಿಮೆ ಅದೇ ಗುಣಮಟ್ಟಕ್ಕೆ ಅರ್ಧದಷ್ಟು ಜಾಗ ಸಾಕು. ಆದರೆ ಧ್ವನಿಯ ಗುಣಮಟ್ಟವನ್ನು ಇಳಿಸಬೇಡಿ. ತಾಳದ ಝೇಂಕಾರ, ಚೆಂಡೆಯ ಪೆಟ್ಟು ಇವೇ ಮೊದಲು ಕೆಡುವುದು. ಚಿತ್ರ ತುಸು ಮಸುಕಾದರೂ ಆಟ ನೋಡಬಹುದು, ಹಿಮ್ಮೇಳ ಕೆಟ್ಟ ಮೇಲೆ ನೋಡಲು ಏನೂ ಉಳಿಯದು. ಮೊದಲು ಹತ್ತು ನಿಮಿಷದ ತುಣುಕಿನಲ್ಲಿ ಪರೀಕ್ಷಿಸಿ. ತೀರಿಹೋದ ಕಲಾವಿದರ ವೇಷವಿರುವ ವಿಡಿಯೋಗಳನ್ನು ಮಾತ್ರ ಮೂಲ ರೂಪದಲ್ಲೇ ಇಡಿ ಎಂಬುದು ನನ್ನ ಬೇಡಿಕೆ.

ಇನ್ನೊಂದು ಮಾತು ಇದರ ಜೊತೆಗೇ ಹೇಳಿಬಿಡುತ್ತೇನೆ. ಜಾಗ ಉಳಿಸಲೆಂದು ಪೂರ್ವರಂಗವನ್ನು, ಅಂದರೆ ಪ್ರಸಂಗಕ್ಕೆ ಮೊದಲಿನ ಕುಣಿತಗಳ ಭಾಗವನ್ನು, ಕತ್ತರಿಸಿ ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷದ ಕುಣಿತ ಪೂರ್ಣವಾಗಿ ನೋಡಲು ಸಿಗುವುದು ಈಗ ಕಡಿಮೆ. ನಿಮ್ಮ ತಂದೆಯವರು ಕೂತು ಹಿಡಿದ ಆ ಒಂದು ಗಂಟೆ ಮುಂದೆ ಕಲಿಯುವವರಿಗೆ ಬೇಕಾದೀತು. ಕತ್ತರಿಸಲೇಬೇಕಾದರೆ ರಂಗಸ್ಥಳ ಖಾಲಿಯಿದ್ದ ಹೊತ್ತನ್ನು ಕತ್ತರಿಸಿ.

ಫೈಲಿನ ಹೆಸರನ್ನೂ ಈಗಲೇ ಬದಲಿಸಿ. ಬರೇ ಸಂಖ್ಯೆಯಿರುವ ಹೆಸರಿನ ಬದಲು ದಿನಾಂಕ, ಊರು, ಮೇಳ, ಪ್ರಸಂಗ, ಭಾಗವತರ ಹೆಸರು ಬರೆಯಿರಿ. ಅಪ್ಪ ಪಕ್ಕದಲ್ಲಿ ಕೂತಿರುವಾಗಲೇ ಮಾಡಿ, ಯಾರ ವೇಷ ಯಾವುದು ಎಂದು ಅವರಿಗಲ್ಲದೆ ಬೇರೆಯವರಿಗೆ ತಿಳಿಯದು.

ಸುರತ್ಕಲ್ಲಿನಿಂದ

ಎಲ್ಲವನ್ನೂ ಯೂಟ್ಯೂಬಿಗೆ ಖಾಸಗಿಯಾಗಿ ಏರಿಸಿ, ಇಲ್ಲಿ ಅಳಿಸಿದರೆ ಆಯಿತಲ್ಲ? ಖರ್ಚಿಲ್ಲ.

ಕುಂದಾಪುರದಿಂದ, ಮತ್ತೆ

ಏರಿಸಬಹುದು, ಆದರೆ ಅದನ್ನು ಪ್ರತಿ ಎಂದು ಎಣಿಸಬೇಡಿ. ಯೂಟ್ಯೂಬ್ ತನ್ನ ಲೆಕ್ಕದಲ್ಲಿ ವಿಡಿಯೋವನ್ನು ಮತ್ತೆ ಕುಗ್ಗಿಸುತ್ತದೆ, ನೀವು ಕೊಟ್ಟ ಮೂಲ ಫೈಲ್ ಅದೇ ಗುಣಮಟ್ಟದಲ್ಲಿ ಹಿಂದಕ್ಕೆ ಸಿಗದು. ಖಾತೆಯ ಪಾಸ್‌ವರ್ಡ್ ಕಳೆದರೂ ಎಲ್ಲ ಹೋಯಿತು. ಗೂಗಲ್ ಡ್ರೈವಿನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲಿ ಜಿಮೇಲ್, ಫೋಟೋ ಎಲ್ಲ ಸೇರಿ. ಅರ್ಧ ರಾತ್ರಿಯ ಆಟಕ್ಕೆ ಸರಿಹೋಯಿತು.

ಮಂಗಳೂರಿನಿಂದ, ಲೆಕ್ಕಪತ್ರ ಬರೆಯುವವರು

ತಮ್ಮನ ಟ್ಯಾಲಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಟ್ಯಾಲಿಪ್ರೈಮ್ ದತ್ತಾಂಶವನ್ನು ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ, ಪಬ್ಲಿಕ್ ಎಂಬುದರ ಅಡಿಯಲ್ಲಿ ಇಡುತ್ತದೆ. ಅಲ್ಲಿ ಅಂಗಡಿಯ ಹೆಸರು ಕಾಣುವುದಿಲ್ಲ. 10000, 10001 ಹೀಗೆ ಬರೇ ಅಂಕೆಗಳ ಫೋಲ್ಡರುಗಳಿರುತ್ತವೆ, ಒಳಗೆ ಅರ್ಥವಾಗದ ಹೆಸರಿನ ಫೈಲುಗಳು. ನೋಡಿದವರಿಗೆ ಕಸವೆಂದೇ ಅನಿಸುತ್ತದೆ. ಅದೇ ನಿಮ್ಮ ಅಂಗಡಿಯ ಇಡೀ ಲೆಕ್ಕ.

ಅದನ್ನು ಅಳಿಸಿ ಸಿಗುವ ಜಾಗವೂ ಅಷ್ಟಕ್ಕಷ್ಟೆ. ಸಣ್ಣ ಅಂಗಡಿಯ ವರ್ಷಗಳ ಲೆಕ್ಕ ಒಂದು ಆಟದ ವಿಡಿಯೋದ ಮುಂದೆ ಏನೂ ಅಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಟ್ಯಾಲಿಯೊಳಗೇ ಬ್ಯಾಕಪ್ ಆಯ್ಕೆಯಿದೆ. ಅದರಲ್ಲಿ ಪೆನ್ ಡ್ರೈವಿಗೆ ಒಂದು, ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆಯಿರಿ. ಇದನ್ನು ಇಂದೇ, ಬೇರೆಲ್ಲದಕ್ಕಿಂತ ಮೊದಲು ಮಾಡಿ.

ಕಾರ್ಕಳದಿಂದ

ವಾಟ್ಸಾಪ್ ಮರೆಯಬೇಡಿ. ಕುಟುಂಬದ ಗುಂಪುಗಳಲ್ಲಿ ಬರುವ ಶುಭೋದಯದ ವಿಡಿಯೋಗಳೆಲ್ಲ ಕಂಪ್ಯೂಟರಿಗೂ ಇಳಿಯುತ್ತವೆ. ಸೆಟ್ಟಿಂಗಿನಲ್ಲಿ ತಾನಾಗಿ ಇಳಿಸಿಕೊಳ್ಳುವುದನ್ನು ನಿಲ್ಲಿಸಿ. ಫೋನಿನಲ್ಲಾದರೆ 5 ಎಂಬಿಗಿಂತ ದೊಡ್ಡ ಫೈಲುಗಳನ್ನು ಬೇರೆಯಾಗಿ ತೋರಿಸುವ ಪುಟವಿದೆ.

ಮಂಗಳೂರು ಹಂಪನಕಟ್ಟೆಯಿಂದ, ಲ್ಯಾಪ್‌ಟಾಪ್ ರಿಪೇರಿ ಮಾಡುವವರು

ನಮ್ಮಲ್ಲಿಗೆ ಇಂಥ ಲ್ಯಾಪ್‌ಟಾಪುಗಳು ಬರುತ್ತಲೇ ಇರುತ್ತವೆ. ಕೆಲವು ವಿಷಯ ಸ್ಪಷ್ಟವಾಗಿ ಹೇಳಬೇಕು.

ನಿಮ್ಮದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನಲ್ಲೇ ಬರೆದಿಡುವ ಹೊಸ ಬಗೆಯ ಡಿಸ್ಕ್) ಆಗಿದ್ದರೆ, ಅಳಿಸಿದ ಫೈಲ್ ರೀಸೈಕಲ್ ಬಿನ್ನಿನಿಂದಲೂ ಹೋದ ಮೇಲೆ ಮರಳಿ ಪಡೆಯುವುದು ಹೆಚ್ಚಿನ ಸಲ ಸಾಧ್ಯವಾಗುವುದಿಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದರ ಗುರುತು ಬಹಳ ಕಾಲ ಉಳಿಯುತ್ತಿತ್ತು. ಎಸ್‌ಎಸ್‌ಡಿಗೆ "ಈ ಜಾಗ ಇನ್ನು ಬೇಡ" ಎಂದು ವಿಂಡೋಸ್ ತಿಳಿಸುತ್ತದೆ, ಅದು ಆ ಜಾಗವನ್ನು ನಿಜವಾಗಿಯೂ ಅಳಿಸುತ್ತದೆ. ಕಣ್ಣೀರು ಹಾಕಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಿದ್ದೇನೆ. ಆದ್ದರಿಂದ ಕುಂದಾಪುರದವರ ಎರಡು ಪ್ರತಿಯ ಮಾತನ್ನು ಅಕ್ಷರಶಃ ಪಾಲಿಸಿ.

ನಿಧಾನವಾಗಿರುವುದಕ್ಕೂ ಕಾರಣ ಅದೇ ಎಸ್‌ಎಸ್‌ಡಿಯ ಸ್ವಭಾವ. ಇದ್ದ ಬರಹದ ಮೇಲೆಯೇ ಅದು ಹೊಸದನ್ನು ಬರೆಯಲಾರದು, ಒಂದು ಬ್ಲಾಕನ್ನು ಪೂರ್ತಿ ಅಳಿಸಿಯೇ ಬರೆಯಬೇಕು. ಖಾಲಿ ಬ್ಲಾಕ್ ಇಲ್ಲದಿದ್ದರೆ ಇದ್ದುದನ್ನು ಅತ್ತಿತ್ತ ಸರಿಸುತ್ತಲೇ ಇರಬೇಕಾಗುತ್ತದೆ. ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಜಾಗವನ್ನು ಯಾವಾಗಲೂ ಖಾಲಿ ಬಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

"ಡಿ ಡ್ರೈವಿನಿಂದ ಜಾಗ ಕಿತ್ತು ಸಿಗೆ ಸೇರಿಸಿ" ಎಂದು ಕೆಲವರು ಕೇಳುತ್ತಾರೆ. ವಿಂಡೋಸಿನ ಸ್ವಂತ ಸಲಕರಣೆಯಲ್ಲಿ ಸಿ ಹಿಗ್ಗಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ತಾಗಿಕೊಂಡೇ ಇರಬೇಕು. ಡಿಯನ್ನು ಕುಗ್ಗಿಸಿದರೆ ಖಾಲಿಯಾಗುವುದು ಡಿಯ ಆಚೆ ಬದಿ. ಹಾಗಾಗಿ ಅದು ಆಗುವುದಿಲ್ಲ.

ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಲ್ಯಾಪ್‌ಟಾಪ್ ಆರುವ ವ್ಯವಸ್ಥೆ) ಬಳಸದವರು ಅದನ್ನು ನಿಲ್ಲಿಸಿದರೆ ರ‍್ಯಾಮಿನ ಸುಮಾರು ಶೇಕಡಾ 40ರಷ್ಟು ಗಾತ್ರದ ಫೈಲೊಂದು ಹೋಗುತ್ತದೆ, ಆದರೆ ಲ್ಯಾಪ್‌ಟಾಪ್ ಏಳುವುದು ತುಸು ತಡವಾಗುತ್ತದೆ. ಒಂದೇ ಗುಂಡಿಗೆ ಎಲ್ಲ ಸ್ವಚ್ಛ ಮಾಡುತ್ತೇವೆ ಎನ್ನುವ ತಂತ್ರಾಂಶಗಳನ್ನು ಹಾಕಿಕೊಳ್ಳಬೇಡಿ. ವಿಂಡೋಸಿನಲ್ಲಿ ಇರುವುದೇ ಸಾಕು.

ದುಡ್ಡು ಹಾಕಲು ಸಾಧ್ಯವಾದರೆ 512 ಜಿಬಿ ಅಥವಾ 1 ಟಿಬಿಯ ಎಸ್‌ಎಸ್‌ಡಿ ಹಾಕಿಸಿ, ಹಳೆಯದರ ಪ್ರತಿಯನ್ನು ಅದಕ್ಕೆ ಇಳಿಸಿಕೊಡುತ್ತಾರೆ. ಅಂಗಡಿಗೆ ಕೊಡುವ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗದ ಮರುಪ್ರಾಪ್ತಿ ಕೀಲಿ ಇದೆಯೇ ನೋಡಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ವಿಂಡೋಸ್ 11ರ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಕೀಲಿಯಿಲ್ಲದಿದ್ದರೆ ನಾವೂ ಏನೂ ಮಾಡಲಾರೆವು.

ಬ್ರಹ್ಮಾವರದಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ವಂದನೆಗಳು. ಟ್ಯಾಲಿಯ ಬ್ಯಾಕಪ್ ಮೊದಲು ತೆಗೆದೆವು. ಹಳೆಯ ವಿಂಡೋಸ್ ಇನ್ನೂ ಕೂತಿತ್ತು, ಅದು ಹೋದದ್ದೇ ಅಪ್‌ಡೇಟ್ ಮುಗಿಯಿತು. ಬಣ್ಣದ ಚೌಕಗಳನ್ನು ಅಪ್ಪನಿಗೆ ತೋರಿಸಿದೆ. ದೊಡ್ಡದೊಂದನ್ನು ಒತ್ತಿದಾಗ ಹೆಸರಿನ ಜಾಗದಲ್ಲಿ ಬರೇ ಅಂಕೆಗಳಿದ್ದವು. ಅಪ್ಪ ಅರ್ಧ ನಿಮಿಷ ನೋಡಿ ಪ್ರಸಂಗ, ಊರು, ಭಾಗವತರು ಎಲ್ಲ ಹೇಳಿದರು. ಈಗ ಸಂಜೆ ಸಂಜೆ ಹೆಸರು ಬರೆಯುವ ಕೆಲಸ ನಡೆದಿದೆ. ಎರಡು ಡಿಸ್ಕಿಗೂ ಪ್ರತಿ ಆಗುತ್ತಿದೆ, ಬೈಟು ಹೋಲಿಸಿದ ಮೇಲೆಯೇ ಅಳಿಸುತ್ತಿದ್ದೇನೆ. ಉಳಿದ ಒಂದು ಸಂಶಯ: ಎರಡೂ ಡಿಸ್ಕನ್ನು ಗೋದ್ರೆಜ್ ಕಪಾಟಿನಲ್ಲಿ ಇಟ್ಟರೆ ಸಾಕೇ?

ಹಂಪನಕಟ್ಟೆಯಿಂದ, ಮತ್ತೆ

ಒಂದನ್ನು ಮಾತ್ರ ಅಲ್ಲಿಡಿ. ಇನ್ನೊಂದು ಬೇರೆ ಮನೆಯಲ್ಲಿರಲಿ, ತಂಗಿಯ ಮನೆಯೋ ಅತ್ತೆಯ ಮನೆಯೋ. ನೆರೆ, ಬೆಂಕಿ, ಕಳವು ಯಾವುದೂ ಎರಡು ಮನೆಗೆ ಒಟ್ಟಿಗೆ ಬರುವುದು ಅಪರೂಪ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಡಿಸ್ಕಿನ ತುದಿಯ ಲೋಹ ಕಿಲುಬು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಸಿಡಿಲು ಗುಡುಗು ಇರುವಾಗ ಪ್ರತಿ ಮಾಡಲು ಕೂರಬೇಡಿ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದ ಮೇಲೆ ಒಮ್ಮೆ, ಹೊಸ ತಿರುಗಾಟ ಶುರುವಾಗುವ ಮೊದಲು ಒಮ್ಮೆ ಎರಡೂ ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ನಾಲ್ಕಾರು ವಿಡಿಯೋ ಹಚ್ಚಿ ನೋಡಿ. ಒಂದು ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ಅದನ್ನು ಮತ್ತೆ ಮತ್ತೆ ಚುಚ್ಚಿ ಪರೀಕ್ಷಿಸಬೇಡಿ. ಇನ್ನೊಂದರಿಂದ ಅದೇ ವಾರ ಹೊಸ ಡಿಸ್ಕಿಗೆ ಪ್ರತಿ ತೆಗೆಯಿರಿ.