ಬೂದಿ ಬುಧವಾರ: ಹಣೆಗೆ ಹಚ್ಚುವ ಆ ಬೂದಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಈಸ್ಟರ್‌ಗೆ 40 ದಿನ ಮುಂಚೆ, ಬೂದಿ ಬುಧವಾರದಂದು, ಕ್ರೈಸ್ತರ ತಪಸ್ಸುಕಾಲ (ಉಪವಾಸ, ಪ್ರಾರ್ಥನೆಯ ದಿನಗಳು) ಶುರು ಅಂತಾರೆ. ಕ್ಯಾಲೆಂಡರ್ ಹಿಡಿದು ಎಣಿಸಿದರೆ 46 ಬರುತ್ತದೆ! ಅದಿರಲಿ, ಆ ಬೂದಿ ಯಾವುದು? ಉಪವಾಸ ಅಂದರೆ ಏನೂ ತಿನ್ನೋ ಹಾಗಿಲ್ವಾ?

ಉತ್ತರ 1: ಆರು ಭಾನುವಾರ ಬಿಟ್ಟು ಎಣಿಸಿ, ಸರಿಹೋಗುತ್ತದೆ. ಭಾನುವಾರ ಯೇಸು ಎದ್ದು ಬಂದ ದಿನ, ಅವತ್ತು ಉಪವಾಸ ಇಲ್ಲ.

ಉತ್ತರ 2: ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ) ಕೈಯಲ್ಲಿ ಹಿಡಿದಿದ್ದ ತಾಳೆ ಜಾತಿಯ ಗರಿಗಳನ್ನೇ ಒಣಗಿಸಿ, ಸುಟ್ಟು, ಜರಡಿ ಹಿಡಿದು ಈ ಬೂದಿ ಮಾಡುತ್ತಾರೆ. ಪಾದ್ರಿಗಳು ಹೆಬ್ಬೆರಳಲ್ಲಿ ಅದ್ದಿ ಹಣೆ ಮೇಲೆ ಶಿಲುಬೆ ಗುರುತು ಹಾಕಿ, ಮಣ್ಣಿನಿಂದ ಬಂದವನು ಮಣ್ಣಿಗೇ ಹೋಗುತ್ತೀಯ, ನೆನಪಿರಲಿ ಎನ್ನುತ್ತಾರೆ. ಕೆಲವು ಕಡೆ ಹಣೆ ಬಿಟ್ಟು ನೆತ್ತಿ ಮೇಲೆ ಉದುರಿಸುವುದೂ ಉಂಟು, ರೋಮ್‌ನಲ್ಲಿ ಪೋಪ್‌ಗೂ ಹಾಗೆಯೇ.

ಉತ್ತರ 3: ಕ್ಯಾಥೋಲಿಕರಲ್ಲಿ ಬೂದಿ ಬುಧವಾರ 18ರಿಂದ 59 ವರ್ಷದವರಿಗೆ ಒಂದು ಪೂರ್ತಿ ಊಟ, ಜೊತೆಗೆ ಎರಡು ಸಲ ಸ್ವಲ್ಪ ಸ್ವಲ್ಪ. ಮಾಂಸ ಮಾತ್ರ 14 ದಾಟಿದವರಿಗೆ ಇಲ್ಲ. ಕಾಯಿಲೆಯವರು, ಗರ್ಭಿಣಿಯರು ಸುಮ್ನೆ ಒದ್ದಾಡಬೇಕಾಗಿಲ್ಲ.

ಪ್ರಶ್ನೆ ಕೇಳಿದವರು: ನಾನು ಕ್ರೈಸ್ತನಲ್ಲ, ಹಚ್ಚಿಸಿಕೊಳ್ಳಬಹುದಾ?

ಉತ್ತರ 2: ಧಾರಾಳವಾಗಿ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಇರುವ ನಿಯಮ ಬೂದಿಗಿಲ್ಲ. ಸೆಲ್ಫಿಗೋಸ್ಕರ ಮಾತ್ರ ಸಾಲಿನಲ್ಲಿ ನಿಲ್ಲಬೇಡಿ ಮಾರಾಯ್ರೆ.