ಸಹಾಯ ಬೇಕು: ಅಮೆರಿಕದ ಹೋ (Hoh) ಮಳೆಕಾಡಲ್ಲಿ ನಾಲ್ಕು ದಿನದ ಟ್ರೆಕ್

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು. ಆಗಸ್ಟ್‌ನಲ್ಲಿ ಸಿಯಾಟಲ್‌ನಲ್ಲಿರೋ ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಅಲ್ಲಿಂದ ನಾನು, ಭಾವ ಇಬ್ಬರೂ ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಹೋ ನದಿ ಕಣಿವೆಯಲ್ಲಿ ಗ್ಲೇಸಿಯರ್ ಮೆಡೋಸ್ ಅನ್ನೋ ಕ್ಯಾಂಪ್ ಜಾಗದವರೆಗೆ ನಡೆಯಬೇಕು ಅಂತಿದ್ದೇವೆ. ಹೋಗೋದಕ್ಕೇ ಸುಮಾರು 28 ಕಿ.ಮೀ. ಮೂರು ರಾತ್ರಿ ಟೆಂಟಲ್ಲಿ. ಪರ್ಮಿಟ್ ಆಗಿದೆ.

ನನ್ನ ಚಿಂತೆ ಎಲ್ಲ ನೀರಿಂದು. ಆ ಕಾಡಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಬೇಸಿಗೆಯಲ್ಲಿ ಕಮ್ಮಿ, ಆದರೆ ಬರೋದೇ ಇಲ್ಲ ಅನ್ನೋ ಹಾಗಿಲ್ಲ. ಮೊನ್ನೆ ಭಾನುವಾರ 12 ಕೆಜಿ ಬ್ಯಾಗ್ ಹೊತ್ತು ಜೋಗಿಮಟ್ಟಿ ಹತ್ತಿದೆ, ಅರ್ಧ ಗಂಟೆ ಜೋರು ಮಳೆ ಬಂತು ಅಷ್ಟೇ, ಮೇಲೆ ಕವರ್ ಹಾಕಿದ್ದರೂ ಬೆನ್ನಿನ ಕಡೆಯಿಂದ ನೀರು ಇಳಿದು ಸ್ಲೀಪಿಂಗ್ ಬ್ಯಾಗಿನ ತುದಿ ಹಿಂಡೋ ಹಾಗಾಗಿತ್ತು. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿದರೆ ಸಾಕಾ, ನೀರು ಒಳಗೆ ಹೋಗದ ಡ್ರೈ ಬ್ಯಾಗೇ ಬೇಕಾ? ಒದ್ದೆ ಶೂನಲ್ಲಿ ದಿನಗಟ್ಟಲೆ ನಡೆದವರು ಕಾಲು ಹೇಗೆ ನೋಡಿಕೊಂಡಿರಿ?

ಇನ್ನೊಂದು, ಊಟ. ಕರಡಿ ಓಡಾಡೋ ಜಾಗ ಅಲ್ವಾ, ತಿಂಡಿ ಜೊತೆ ಟೂತ್‌ಪೇಸ್ಟ್, ಸೋಪು ಕೂಡ ಕರಡಿ ತೆಗೆಯೋಕಾಗದ ಗಟ್ಟಿ ಡಬ್ಬಿಯಲ್ಲಿ ಇಡಬೇಕು. ಮಂಡಕ್ಕಿಗೆ ಜಾಗ ಜಾಸ್ತಿ ಬೇಕು, ಬಿಟ್ಟೆ. ಹುರಿಹಿಟ್ಟು, ಅವಲಕ್ಕಿ, ಶೇಂಗಾ ಚಟ್ನಿಪುಡಿ ಅಂದುಕೊಂಡಿದ್ದೇನೆ. ಇಬ್ಬರಿಗೆ ಒಂದು ಡಬ್ಬಿ ಸಾಲುತ್ತಾ?

ಅಲ್ಲಿಗೆ ಹೋಗಿ ಬಂದವರು, ಇಲ್ಲಾ ಮಳೆಗಾಲದಲ್ಲಿ ಕೊಡಚಾದ್ರಿ ಹತ್ತಿದವರು ದಯವಿಟ್ಟು ಹೇಳಿ. ದಾವಣಗೆರೆಯಲ್ಲಿ ಡ್ರೈ ಬ್ಯಾಗ್ ಸಿಗೋ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ.