‘ಒಂದೇ ದಿನದಲ್ಲಿ ವಾಲ್ಪರೈಸೊ’: ಒಂದು ಫಾರ್ವರ್ಡ್ ಮೇಲೆ ಮನೆಮಂದಿ ಗುಂಪಿನ ವಾದ

ರಘು: (ಫಾರ್ವರ್ಡ್ ಮಾಡಿದ್ದು)
ಚಿಲಿಯ ಬಣ್ಣದ ಬಂದರು ವಾಲ್ಪರೈಸೊ! ಒಂದೇ ದಿನದಲ್ಲಿ ಪೂರ್ತಿ ನೋಡಿ!
8.00 ಸಾಂತಿಯಾಗೊದಿಂದ ಬಸ್
10.00 ಪಸೆಯೊ 21 ದೆ ಮಾಯೊದಿಂದ ಬಂದರಿನ ಫೋಟೊ
11.00 ಬಣ್ಣದ ಗುಡ್ಡಗಳು (ಇಡೀ ನಗರ ಯುನೆಸ್ಕೊ ಪಟ್ಟಿಯಲ್ಲಿದೆ!)
1.00 ಊಟ
2.00 ಕವಿ ಪಾಬ್ಲೊ ನೆರೂಡಾ ಮನೆ
3.00 ದೋಣಿ ವಿಹಾರ
4.00 ಪಕ್ಕದ ಊರು ವಿನ್ಯಾ ದೆಲ್ ಮಾರ್
6.30 ವಾಪಸ್ ಬಂದು ಸೆರ್ರೊ ಅಲೆಗ್ರೆ ಗುಡ್ಡದಿಂದ ಸಮುದ್ರದಲ್ಲಿ ಸೂರ್ಯಾಸ್ತ
7.30 ವಾಪಸ್ ಬಸ್

ರಘು: ಮೇಘನಾ, ಜನವರಿಗೆ ಇದನ್ನೇ ಇಟ್ಕೊಂಬಿಡು. ಸೋಮವಾರ ನಿಮಗೆ ಖಾಲಿ ಇದೆ ಅಂದಿದ್ದೆ ಅಲ್ವಾ?

ಮೇಘನಾ: ಹೂಂ ಸೋಮವಾರವೇ. ಚೆನ್ನಾಗಿದೆ ಕಣೋ, ಥ್ಯಾಂಕ್ಸ್

ವೀಣಕ್ಕ: ತಡಿ ಮೇಘನಾ. ಸೋಮವಾರ ಅಂದ ಮೇಲೆ ಈ ಪಟ್ಟಿ ಅಲ್ಲಿಗೇ ಬಿತ್ತು. ನೆರೂಡಾ ಮನೆ ಲಾ ಸೆಬಾಸ್ತಿಯಾನಾ ಸೋಮವಾರ ಬಾಗಿಲು ತೆಗೆಯಲ್ಲ. ಬಾಬುರಿತ್ಸಾ ಅರಮನೆಯ ಕಲಾ ಸಂಗ್ರಹಾಲಯಕ್ಕೂ ಸೋಮವಾರ ರಜ.

ರಘು: ಅಕ್ಕ, ಮನೆ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಬೀದೀಲೇ ಇರೋದು ತಾನೇ? ಬೀದಿಗೇನು ರಜ?

ವೀಣಕ್ಕ: ಬೀದಿಗೆ ರಜ ಇಲ್ಲ, ಬಿಸಿಲಿಗೆ ದಿಕ್ಕಿದೆ. 10 ಗಂಟೆಗೆ 21 ದೆ ಮಾಯೊಗೆ ಯಾಕಪ್ಪ ಹೋಗಬೇಕು? ಅದು ಅರ್ತಿಯೆರಿಯಾ ಗುಡ್ಡದ ಮೇಲೆ, ಊರಿನ ಪಶ್ಚಿಮದ ತುದೀಲಿದೆ. ಅಲ್ಲಿಂದ ಬಂದರು ನೋಡಬೇಕಾದರೆ ಪೂರ್ವಕ್ಕೆ ಮುಖ ಮಾಡಬೇಕು. ಬೆಳಗ್ಗೆ ಸೂರ್ಯ ನೇರ ಕಣ್ಣಿಗೆ ಬರ್ತಾನೆ, ಕ್ರೇನು ಕಂಟೇನರು ಎಲ್ಲ ಕಪ್ಪು ನೆರಳಾಗಿ ಕಾಣ್ತವೆ. ಬಣ್ಣದ ಮನೆಗಳಂತೂ ಕಾಣೋದೇ ಇಲ್ಲ. ಅದೂ ಮೋಡ ಇಲ್ಲದಿದ್ದರೆ. ಆ ಕರಾವಳೀಲಿ ಬೇಸಿಗೆಯ ಬೆಳಗ್ಗೆ ಸಮುದ್ರದಿಂದ ತಗ್ಗು ಮೋಡ ಬಂದು ಕೂರೋದು ಮಾಮೂಲು, ಬಿಡೋದು ಮಧ್ಯಾಹ್ನದ ಹೊತ್ತಿಗೆ. 21 ದೆ ಮಾಯೊ ಸಂಜೆ 5ರ ಮೇಲಿನ ಜಾಗ. ಆಗ ಬಿಸಿಲು ಬೆನ್ನಿಗಿರುತ್ತೆ, ಎದುರಿನ ಗುಡ್ಡಗಳೆಲ್ಲ ಹೊಳೆಯುತ್ತವೆ.

ಶ್ರೀಧರ ಚಿಕ್ಕಪ್ಪ: ವೀಣಾ ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಊರು ಕೊಲ್ಲಿಯ ದಕ್ಷಿಣ ದಡದಲ್ಲಿದೆ, ಗುಡ್ಡಗಳ ಮುಖ ಉತ್ತರಕ್ಕೆ. ದಕ್ಷಿಣ ಗೋಳಾರ್ಧ ಆದ್ದರಿಂದ ನಡುಹಗಲಲ್ಲಿ ಸೂರ್ಯ ಇರೋದೂ ಉತ್ತರಕ್ಕೇ. ಅಂದರೆ ನೀರಿನ ಮೇಲಿಂದ ಗುಡ್ಡ ನೋಡೋಕೆ ನಡುಹಗಲೇ ಸರಿಯಾದ ಹೊತ್ತು. ಜನವರೀಲಿ ಅಲ್ಲಿನ ಗಡಿಯಾರದ ಪ್ರಕಾರ ಸೂರ್ಯ ನೆತ್ತಿಗೆ ಬರೋದು ಸುಮಾರು 2 ಗಂಟೆಗೆ. ಹಾಗಾಗಿ ದೋಣಿ 1 ರಿಂದ 3ರ ಒಳಗೆ. ಆ ಫಾರ್ವರ್ಡಿನಲ್ಲಿ ಹೆಚ್ಚುಕಮ್ಮಿ ಸರಿಯಿರೋದು ಇದೊಂದೇ.

ರಘು: ಸೂರ್ಯಾಸ್ತನೂ ತಪ್ಪಾ ಹಾಗಾದ್ರೆ 😐

ವೀಣಕ್ಕ: ಅದು ಎರಡು ಸಲ ತಪ್ಪು. ಜನವರೀಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ 9ರ ಆಸುಪಾಸಿಗೆ, 6.30ಕ್ಕೆ ಇನ್ನೂ ಚುರುಚುರು ಬಿಸಿಲು. ಎರಡನೇದು, ಬೇಸಿಗೇಲಿ ಸೂರ್ಯ ಇಳಿಯೋದು ಪಶ್ಚಿಮದಿಂದ ದಕ್ಷಿಣಕ್ಕೆ ವಾಲಿ. ಅಲೆಗ್ರೆಯಿಂದ ನೋಡಿದರೆ ಗುಡ್ಡದ ಹಿಂದೆ ಹೋಗ್ತಾನೆ, ನೀರಿಗಲ್ಲ. ಸಮುದ್ರಕ್ಕೆ ಇಳಿಯೋದೇ ನೋಡಬೇಕು ಅಂದ್ರೆ ವಿನ್ಯಾದಿಂದ ಉತ್ತರಕ್ಕೆ ರೆನ್ಯಾಕಾ ದಂಡೆಗೆ ಹೋಗಬೇಕು.

ಮೇಘನಾ: ಅಯ್ಯೋ. ಹಾಗಾದ್ರೆ ದಿನ ಬದಲಾಯಿಸ್ತೀನಿ. ಮಂಗಳವಾರ ಆಗುತ್ತೆ. ಆದರೆ ಅಮ್ಮನ ಮೊಣಕಾಲು ನೆನಪಿರಲಿ. ಅಲ್ಲಿ ಬರೀ ಮೆಟ್ಟಿಲಂತೆ?

ರಘು: ಅದಕ್ಕೇ ಅಸೆನ್ಸೋರ್ ಇದೆಯಲ್ಲ, ಹಳಿ ಮೇಲೆ ಎಳೆಯೋ ಡಬ್ಬಿ. ಎಲ್ಲರೂ ಹೇಳೋದೇ ಅದು: ಅದರಲ್ಲಿ ಹತ್ತು, ನಡೆದು ಇಳಿ.

ಶ್ರೀಧರ ಚಿಕ್ಕಪ್ಪ: ಮೊಣಕಾಲು ನೋವಿರೋರಿಗೆ ಅದಕ್ಕಿಂತ ಕೆಟ್ಟ ಸಲಹೆ ಇಲ್ಲ. ಹತ್ತುವಾಗ ಉಸಿರು ಸೋಲುತ್ತೆ, ಅಷ್ಟೆ. ಇಳಿಯುವಾಗ ಮೈಭಾರವೆಲ್ಲ ಮೊಣಕಾಲಿಗೆ ಬೀಳುತ್ತೆ. ಅಲ್ಲಿ ಕಲ್ಲುಹಾಸು ಬೇರೆ, ಸವೆದು ನುಣ್ಣಗಾಗಿರುತ್ತೆ. ಅತ್ತಿಗೆಯವರು ಹತ್ತೋದಕ್ಕೂ ಇಳಿಯೋದಕ್ಕೂ ಎರಡಕ್ಕೂ ಅಸೆನ್ಸೋರ್ ಹಿಡಿಯಲಿ. ನಡೆಯೋದು ಮೇಲೆ, ಮಟ್ಟವಾಗಿರೋ ಕಡೆ ಮಾತ್ರ.

ಶಾರದ ದೊಡ್ಡಮ್ಮ: ನನ್ನ ಕಾಲು ಚೆನ್ನಾಗೇ ಇದೆ ಶ್ರೀಧರ. ನಿಧಾನಕ್ಕೆ ಹೋದರಾಯ್ತು

ವೀಣಕ್ಕ: ದೊಡ್ಡಮ್ಮ, ನಿಮಗೆ ಅಂತಲೇ ಒಂದು ದಾರಿ ಹೇಳ್ತೀನಿ ನೋಡಿ. ಸೊತೊಮಯೋರ್ ಚೌಕದ ಪಕ್ಕದಲ್ಲೇ ನ್ಯಾಯಾಲಯದ ಕಟ್ಟಡ, ಅದರ ಬದೀಲಿ ಎಲ್ ಪೆರಾಲ್ ಅಸೆನ್ಸೋರ್. ಒಂದೆರಡು ನಿಮಿಷಕ್ಕೆ ಅಲೆಗ್ರೆ ಗುಡ್ಡದ ಮೇಲೆ ಬಿಡುತ್ತೆ, ಪಸೆಯೊ ಯುಗೊಸ್ಲಾವೊ ಅನ್ನೋ ಅಂಗಳಕ್ಕೆ. ಬಾಬುರಿತ್ಸಾ ಅಲ್ಲೇ ಎದುರಿಗೆ. ಆಮೇಲೆ ಕನ್ಸೆಪ್ಸಿಯೋನ್ ಗುಡ್ಡಕ್ಕೆ ದಾಟಬೇಕು, ಎಲ್ಲರೂ ಎಡವೋದು ಇಲ್ಲೇ. ಎರಡು ಗುಡ್ಡಗಳ ನಡುವೆ ಉರಿಯೊಲಾ ಬೀದಿ ಕಣಿವೆ ಥರ ಇಳಿದಿದೆ. ನಕಾಶೆಯಲ್ಲಿ ಹತ್ತಿರ ಕಾಣುತ್ತೆ ಅಂತ ಓಣಿ ಮೆಟ್ಟಿಲಲ್ಲಿ ಇಳಿದರೆ ಅಷ್ಟೂ ಮತ್ತೆ ಹತ್ತಬೇಕು. ಹಾಗೆ ಮಾಡದೆ ಮೇಲಿನಿಂದಲೇ ಟೆಂಪಲ್‌ಮನ್ ಬೀದಿ ಹಿಡಿದು ದಾಟಿ. ಏರಿಳಿತ ಇದೆ, ಆದರೆ ಮೆಟ್ಟಿಲ ಕಾಟ ಕಡಿಮೆ. ಆಟ್ಕಿನ್ಸನ್, ಹೆರ್ವಸೋನಿ ಎರಡೂ ಅಂಗಳ ನೋಡಿ, ಹೆರ್ವಸೋನಿಯಿಂದ ಕನ್ಸೆಪ್ಸಿಯೋನ್ ಅಸೆನ್ಸೋರಲ್ಲಿ ಪ್ರಾತ್ ಬೀದಿಗೆ ಇಳಿದರೆ ಮುಗೀತು. 1883ರದ್ದು, ಊರಿನ ಮೊದಲ ಅಸೆನ್ಸೋರ್ ಅದೇ.

ಶ್ರೀಧರ ಚಿಕ್ಕಪ್ಪ: ಒಂದೇ ಅಸೆನ್ಸೋರ್ ನಂಬ್ಕೊಂಡು ಹೋಗಬೇಡಿ. ಯಾವ ದಿನ ನೋಡಿದರೂ ಒಂದಲ್ಲ ಒಂದು ದುರಸ್ತಿಗೆ ನಿಂತಿರುತ್ತೆ. ನೂರು ವರ್ಷ ದಾಟಿದ ಯಂತ್ರಗಳು. ಎರಡು ಡಬ್ಬಿ ಒಂದಕ್ಕೊಂದು ತೂಕ ಕೊಟ್ಟು ಓಡೋದು, ಒಂದು ಹತ್ತಿದರೆ ಇನ್ನೊಂದು ಇಳಿಯಬೇಕು. ಒಂದರ ಹಗ್ಗಕ್ಕೋ ಚಕ್ರಕ್ಕೋ ಏನಾದರೂ ಆದರೆ ಎರಡೂ ನಿಲ್ಲುತ್ತವೆ. ಅರ್ತಿಯೆರಿಯಾದ್ದು ವರ್ಷಗಟ್ಟಲೆ ಮುಚ್ಚಿತ್ತು. ಹೊರಡೋ ಬೆಳಗ್ಗೆ ಉಳಿದುಕೊಂಡ ಕಡೆ ಕೇಳಿ. ಕನ್ಸೆಪ್ಸಿಯೋನ್ ನಿಂತಿದ್ದರೆ ಅಲೆಗ್ರೆ ಕಡೆಯ ರೇನಾ ವಿಕ್ಟೋರಿಯಾ, ಅದೂ ಇಲ್ಲದಿದ್ದರೆ ಟ್ಯಾಕ್ಸಿ. ಕೈಯಲ್ಲಿ ನಾಣ್ಯ ಇರಲಿ, 10.000ದ ನೋಟು ಚಾಚಿದರೆ ಚಿಲ್ಲರೆಗೆ ಪರದಾಟ.

ಮೇಘನಾ: 10.000 ಅಂದರೆ ಹತ್ತು ಪೆಸೊನಾ?

ಶ್ರೀಧರ ಚಿಕ್ಕಪ್ಪ: ಅಲ್ಲಮ್ಮ, ಹತ್ತು ಸಾವಿರ. ಅಲ್ಲಿ ಸಾವಿರಕ್ಕೆ ಅಲ್ಪವಿರಾಮ ಹಾಕಲ್ಲ, ಚುಕ್ಕೆ ಇಡ್ತಾರೆ. ಪೆಸೊಗೂ ಡಾಲರ್ ಚಿಹ್ನೆನೇ ಬರೀತಾರೆ, ಬೋರ್ಡು ನೋಡಿ ಗಾಬರಿ ಆಗಬೇಡ.

ರಘು: ಸರಿ, ದಾರಿ ಒಪ್ಪಿದೆ. ಆದರೆ ಬರೀ ಎರಡು ಗುಡ್ಡನಾ? ನಲವತ್ತಕ್ಕೂ ಮೇಲೆ ಗುಡ್ಡ ಇವೆ ಅಂತಾರೆ. ಇಡೀ ಊರು ಯುನೆಸ್ಕೊ ಅಂದ ಮೇಲೆ

ವೀಣಕ್ಕ: ಇಡೀ ಊರಲ್ಲ ಕಣೋ. 2003ರಲ್ಲಿ ಪಟ್ಟಿಗೆ ಸೇರಿದ್ದು ಬಂದರಿನ ಹಳೇ ಭಾಗ ಮಾತ್ರ: ಲಾ ಮಾತ್ರಿಸ್ ಚರ್ಚಿನ ಸುತ್ತು, ಸೊತೊಮಯೋರ್ ಚೌಕ, ದೋಣಿ ಹತ್ತೋ ಪ್ರಾತ್ ಕಟ್ಟೆ, ಅಲೆಗ್ರೆ ಕನ್ಸೆಪ್ಸಿಯೋನ್ ಗುಡ್ಡಗಳ ಒಂದಿಷ್ಟು. ಮಿಕ್ಕ ಗುಡ್ಡಗಳಲ್ಲಿ ಜನ ಬದುಕ್ತಿದ್ದಾರೆ, ಅದು ಪ್ರದರ್ಶನ ಅಲ್ಲ. 2014ರ ಏಪ್ರಿಲ್‌ನಲ್ಲಿ ಮೇಲಿನ ಗುಡ್ಡಗಳಿಗೆ ಬೆಂಕಿ ಬಿದ್ದು ಸಾವಿರಾರು ಮನೆ ಸುಟ್ಟುಹೋದವು. ಕ್ಯಾಮೆರಾ ತೂಗಿಸಿಕೊಂಡು ಅಲ್ಲೆಲ್ಲ ಅಲೆಯೋದು ಬೇಡ.

ವೀಣಕ್ಕ: ಹೊಸದಾಗಿ ಏನಾದರೂ ನೋಡಲೇಬೇಕು ಅಂದರೆ ಪೊಲಾಂಕೊ ನೋಡು. ಬೇರೆಲ್ಲ ಇಳಿಜಾರಲ್ಲಿ ಓಡಿದರೆ ಅದೊಂದು ನೆಟ್ಟಗೆ ಮೇಲೇರುತ್ತೆ. ಕೆಳಗೆ ಸುಮಾರು 150 ಮೀಟರ್ ಸುರಂಗದೊಳಗೆ ನಡೆದು ಲಿಫ್ಟ್ ಹತ್ತಬೇಕು, ಮೇಲೆ ಗೋಪುರದಿಂದ ಸೇತುವೆ ಮೇಲೆ ಗುಡ್ಡಕ್ಕೆ ದಾಟಬೇಕು. ಹಗಲು ಮಾತ್ರ, ಅದೂ ಓಡ್ತಿದ್ದರೆ.

ರಘು: ಬಣ್ಣ ಬಳಿದಿದ್ದು ಮೀನುಗಾರರು ಸಮುದ್ರದಿಂದಲೇ ತಮ್ಮ ಮನೆ ಗುರುತು ಹಿಡಿಯಲಿ ಅಂತ. ಇದಾದರೂ ನಿಜನಾ?

ವೀಣಕ್ಕ: ಹಡಗಿನ ಉಳಿದ ಬಣ್ಣ ಅಂತಾನೂ ಹೇಳ್ತಾರೆ. ಕತೆ ಬಿಡು, ಗೋಡೆ ನೋಡು. ಒಳಗೆ ಮರದ ಚೌಕಟ್ಟು, ಕಂಬಗಳ ನಡುವೆ ಮಣ್ಣಿನ ಇಟ್ಟಿಗೆ. ಆ ಇಟ್ಟಿಗೆಯ ತುದಿಯಲ್ಲಿ ಕಚ್ಚು ಇರುತ್ತೆ, ಕಂಬಕ್ಕೆ ಹೊಡೆದ ಪಟ್ಟಿಗೆ ಕಚ್ಚಿ ಕೂರುತ್ತೆ. ಮಣ್ಣಿಗೆ ಮಳೆ ತಾಗಬಾರದು ಅಂತ ಹೊರಗಡೆ ಅಲೆಅಲೆಯಾದ ಸತುವಿನ ಲೇಪದ ತಗಡು. ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತೆ, ಮೊದಲು ಮೊಳೆ ಹೊಡೆದ ತೂತಲ್ಲಿ, ಆಮೇಲೆ ಒಂದರ ಮೇಲೊಂದು ಬರೋ ಅಂಚಲ್ಲಿ. ಬಣ್ಣ ಬಳೀತಾನೇ ಇರಬೇಕು, ಬೇರೆ ದಾರಿಯಿಲ್ಲ. ಗೀಚಿದ ಗೋಡೆಯ ಅಂಚು ಹತ್ತಿರದಿಂದ ನೋಡಿದರೆ ನಾಲ್ಕೈದು ಬಣ್ಣದ ಪದರ ಎಣಿಸಬಹುದು.

ಶ್ರೀಧರ ಚಿಕ್ಕಪ್ಪ: ಲಾ ಸೆಬಾಸ್ತಿಯಾನಾ ವಿಷಯಕ್ಕೆ ಬರೋಣ. ಆ ಮನೆಯೊಳಗೆ ಕಿರಿದಾದ ಮೆಟ್ಟಿಲು, ಮಹಡಿ ಮೇಲೆ ಮಹಡಿ. ಅತ್ತಿಗೆಗೆ ಅದನ್ನ ಬಿಟ್ಟುಬಿಡಿ ಅಂತೀನಿ.

ಮೇಘನಾ: ಚಿಕ್ಕಪ್ಪ, ಅಮ್ಮ ಹೊರಟಿರೋದೇ ಆ ಮನೆ ನೋಡೋಕೆ

ಶಾರದ ದೊಡ್ಡಮ್ಮ: ಹೌದು. ಅದು ಬಿಡಲ್ಲ

ವೀಣಕ್ಕ: ಬಿಡೋದು ಬೇಡ. ಮುಂಗಡ ಬುಕಿಂಗ್ ಇಲ್ಲ, ಬಂದವರಿಗೆ ಬಂದ ಸರದಿ. ಹಾಗಾಗಿ ಬೆಳಗ್ಗೆ ಬಾಗಿಲು ತೆಗೆಯೋ 10 ಗಂಟೆಗೇ ಅಲ್ಲಿರಿ. ಹೇಗೂ ಹೊರಗೆ ಮೋಡ, ಒಳಗಿನ ಕೆಲಸಕ್ಕೆ ಅದೇ ಹೊತ್ತು. ಕಿವಿಗೆ ಹಚ್ಚೋ ಆಡಿಯೊ ಗೈಡ್ ಕೊಡ್ತಾರೆ, ಅವರವರ ವೇಗದಲ್ಲಿ ಹೋಗಬಹುದು, ಮೆಟ್ಟಿಲಲ್ಲಿ ಹಿಂದಿನವರು ತಳ್ಳಲ್ಲ. ಒಳಗೆ ಫೋಟೊ ಇಲ್ಲ. ಹತ್ತಿ ಹೋಗಬೇಡಿ, ಟ್ಯಾಕ್ಸೀಲಿ ಹೋಗಿ, ಇಲ್ಲಾ 612 ನಂಬರ್ ಬಸ್ಸು. ಅದು ಅವೆನಿದಾ ಅಲೆಮಾನಿಯಾ ಮೇಲೆ ಗುಡ್ಡದಿಂದ ಗುಡ್ಡಕ್ಕೆ ಸುತ್ತಿಕೊಂಡು ಹೋಗುತ್ತೆ, ತಿರುವು ತಿರುವಿಗೂ ಕೊಲ್ಲಿ ಕಾಣುತ್ತೆ. ಬಸ್ ದರಕ್ಕೆ ಊರ ಪ್ರದಕ್ಷಿಣೆ.

ವೀಣಕ್ಕ: ಕೂರೋಕೆ ಜಾಗ ಇದ್ದರೆ ಮಾತ್ರ. ನಿಂತರೆ ಆ ತಿರುವುಗಳಿಗೆ ಕಂಬ ತಬ್ಬಿಕೊಂಡೇ ಇರಬೇಕು.

ರಘು: ನೆರೂಡಾ ಮನೆಯಿಂದ ಕೆಳಗೆ ಬಯಲು ಸಂಗ್ರಹಾಲಯ ಅಂತ ಇದೆಯಲ್ಲ, 20 ಗೋಡೆಚಿತ್ರ? ಅದು ನಡೆದೇ ಹೋಗಬೇಕು.

ಶ್ರೀಧರ ಚಿಕ್ಕಪ್ಪ: ಹೌದು, 1992ರದ್ದು, ಮಾತಾ, ಆಂತೂನೆಸ್ ಅಂಥ ಕಲಾವಿದರ ಚಿತ್ರಗಳು. ಆದರೆ ಎಲ್ಲ ಇಳಿಜಾರು ಮೆಟ್ಟಿಲ ಮೇಲೇ. ಎಷ್ಟೋ ಚಿತ್ರದ ಮೇಲೆ ಗೀಚಿದ್ದಾರೆ ಬೇರೆ. ಮೇಘನಾ ಒಬ್ಬಳೇ ಇಳಿಯಲಿ, ಅಣ್ಣ ಅತ್ತಿಗೆ ಟ್ಯಾಕ್ಸೀಲಿ ವಿಕ್ಟೋರಿಯಾ ಚೌಕಕ್ಕೆ ಬರಲಿ.

ವೀಣಕ್ಕ: ಒಬ್ಬಳೇ ಅಂದರೆ ಫೋನು ಒಳಗಿರಲಿ. ಸಾಸಿವೆ ಗೊಜ್ಜೋ ಹಕ್ಕಿ ಹಿಕ್ಕೆ ಥರದ್ದೋ ಮೈಮೇಲೆ ಬಿದ್ದು, ಯಾರೋ ಕಾಗದ ಹಿಡಿದು ಒರೆಸೋಕೆ ಬಂದರೆ ಒರೆಸಿಸಿಕೊಳ್ಳಬೇಡ. ಚೀಲ ಎದೆಗೆ ಅವುಚಿಕೊಂಡು ಹತ್ತಿರದ ಅಂಗಡಿಗೆ ನುಗ್ಗು. ಒರೆಸೋನು ಒಬ್ಬ, ಎತ್ತೋನು ಇನ್ನೊಬ್ಬ. ಲಾ ಮಾತ್ರಿಸ್ ಸುತ್ತ ಕತ್ತಲಾದ ಮೇಲೆ ಯಾರೂ ಬೇಡ.

ಶಾರದ ದೊಡ್ಡಮ್ಮ: ಊಟ?

ರಘು: ಚೊರಿಯಾನಾ! ಆ ಊರಿನ ಊಟ ಅದು.

ವೀಣಕ್ಕ: ತಟ್ಟೆ ತುಂಬ ಕರಿದ ಆಲೂಗಡ್ಡೆ, ಅದರ ಮೇಲೆ ಹುರಿದ ಈರುಳ್ಳಿ, ಮೊಟ್ಟೆ, ದನದ ಮಾಂಸದ ಚೂರು. ದೊಡ್ಡಮ್ಮನಿಗೆ ಹೇಳ್ತಿದೀಯಲ್ಲೋ! ದೊಡ್ಡಮ್ಮ, ನೀವು ‘ಎಂಪನಾದ ದೆ ಕೇಸೊ’ ಅನ್ನಿ, ಒಳಗೆ ಚೀಸ್ ಒಂದೇ ಇರುತ್ತೆ. ‘ಪೀನೊ’ ಅಂದರೆ ಮಾಂಸದ್ದು, ಅದು ಬೇಡ. ಕರಿದ ಎಣ್ಣೇಲಿ ಮೀನೂ ಕರಿದಿರಬಹುದು, ಒಲೇಲಿ ಬೇಯಿಸಿದ್ದು ಇದೆಯಾ ಅಂತ ಮೇಘನಾ ಕೇಳಲಿ.

ಶ್ರೀಧರ ಚಿಕ್ಕಪ್ಪ: ಬಿಲ್ಲಿನಲ್ಲಿ 10% ಟಿಪ್ಸ್ ಸೇರಿಸಿ ಕೇಳ್ತಾರೆ. ಕಡ್ಡಾಯ ಅಲ್ಲ, ಆದರೆ ಕೊಡೋದು ರೂಢಿ.

ಮೇಘನಾ: ಹಾಗಾದ್ರೆ ವಿನ್ಯಾ?

ವೀಣಕ್ಕ: ಬಿಡು. ಹೋಗಿಬಂದು ಮೂರು ಗಂಟೆ ತಿನ್ನುತ್ತೆ. ಬದಲಿಗೆ ಒಂದು ರಾತ್ರಿ ವಾಲ್ಪರೈಸೊದಲ್ಲೇ ಇರಿ.

ಶ್ರೀಧರ ಚಿಕ್ಕಪ್ಪ: ಇದನ್ನ ಒಪ್ಪಲ್ಲ. ಪ್ವೆರ್ತೊ ನಿಲ್ದಾಣದಿಂದ ರೈಲು ಸಮುದ್ರದ ಪಕ್ಕದಲ್ಲೇ ಹೋಗುತ್ತೆ, ಸುಮಾರು 20 ನಿಮಿಷಕ್ಕೆ ವಿನ್ಯಾ. ಕಿಟಕಿಗೆ ದುಡ್ಡು ಕೊಟ್ಟು ಚೀಟಿ ಸಿಗಲ್ಲ, ಕಾರ್ಡ್ ಕೊಂಡು ಹಣ ತುಂಬಿಸಬೇಕು, ಅದೊಂದೇ ರಗಳೆ. ಫೋಂಕ್ ಸಂಗ್ರಹಾಲಯದ ಎದುರಿಗೆ ಈಸ್ಟರ್ ದ್ವೀಪದಿಂದ ತಂದ ನಿಜವಾದ ಮೋಯಿ, ಅಂದರೆ ಅಲ್ಲಿನ ದೊಡ್ಡ ಕಲ್ಲಿನ ವಿಗ್ರಹ, ನಿಂತಿದೆ. ದ್ವೀಪಕ್ಕೆ ಹೋಗದವರಿಗೆ ಅದೇ ದರ್ಶನ. ಮತ್ತೆ ಅತ್ತಿಗೆಗೆ ಬೇಕಾದ ಮಟ್ಟವಾದ ರಸ್ತೆ ಇರೋದೂ ಅಲ್ಲೇ.

ವೀಣಕ್ಕ: ಮೋಯಿಗೆ ಬೇರೆ ದಿನ ಸಾಂತಿಯಾಗೊದಿಂದ ನೇರ ವಿನ್ಯಾಕ್ಕೇ ಬಸ್ ಇದೆ ಚಿಕ್ಕಪ್ಪ. ಒಂದೇ ದಿನಕ್ಕೆ ತುರುಕಬೇಡಿ. ರಾತ್ರಿ ಉಳಿದರೆ 21 ದೆ ಮಾಯೊ ಸಂಜೆ ಬಿಸಿಲಲ್ಲಿ ಸಿಗುತ್ತೆ, ಆಮೇಲೆ ಗುಡ್ಡದ ದೀಪಗಳು. ಕನ್ಸೆಪ್ಸಿಯೋನ್ ಮೇಲೇ ರೂಮು ಹಿಡೀಲಿ, ಆದರೆ ಟ್ಯಾಕ್ಸಿ ಬಾಗಿಲವರೆಗೆ ಬರುತ್ತಾ ಅಂತ ಮೊದಲೇ ಕೇಳಬೇಕು. ಎಷ್ಟೋ ಮನೆಗೆ ಮೆಟ್ಟಿಲ ಓಣಿಯೇ ದಾರಿ, ಸೂಟ್‌ಕೇಸ್ ಹೊತ್ತೇ ಹೋಗಬೇಕು.

ಶ್ರೀಧರ ಚಿಕ್ಕಪ್ಪ: ಉಳಿಯೋದಾದರೆ ವಿದೇಶಿ ಕಾರ್ಡಲ್ಲೋ ಡಾಲರಲ್ಲೋ ಕೊಡಿ, ಪಾಸ್‌ಪೋರ್ಟ್ ಜೊತೆ ಒಳಬಂದಾಗ ಕೊಟ್ಟ ವಲಸೆ ಚೀಟಿ ತೋರಿಸಿ. 19% ತೆರಿಗೆ ಬಿಡ್ತಾರೆ. ಎಲ್ಲ ಹೋಟೆಲೂ ಮಾಡಲ್ಲ, ಬುಕ್ ಮಾಡೋ ಮೊದಲೇ ಕೇಳಿ. ಆದರೂ ನನ್ನ ವೋಟು ವಿನ್ಯಾಕ್ಕೇ.

ರಘು: ಬಸ್ ಹತ್ತೋದು ಅಲಮೆದಾ ನಿಲ್ದಾಣದಲ್ಲಿ ತಾನೇ? ಅದನ್ನಾದರೂ ನಾನು ಸರಿ ಹೇಳ್ತಿದೀನಾ

ಶ್ರೀಧರ ಚಿಕ್ಕಪ್ಪ: ಅಲ್ಲೂ ಸಿಗುತ್ತೆ. ಪಹಾರಿತೋಸ್ ಇನ್ನೂ ಒಳ್ಳೇದು, ಮೆಟ್ರೊ 1ನೇ ಮಾರ್ಗದಲ್ಲೇ, ಊರ ಪಶ್ಚಿಮ ಅಂಚಲ್ಲಿ. ಒಳಗಿನ ಟ್ರಾಫಿಕ್ ತಪ್ಪುತ್ತೆ. ರೂಟ್ 68 ಮೇಲೆ ಸುಮಾರು 120 ಕಿ.ಮೀ., ಒಂದೂವರೆಯಿಂದ ಎರಡು ಗಂಟೆ. ಬಸ್ಸಿಂದ ಇಳಿಯೋದು ಸಂಸತ್ ಭವನದ ಎದುರಿನ ನಿಲ್ದಾಣದಲ್ಲಿ, ಹಳೇ ಬಂದರಿಗೆ ಅಲ್ಲಿಂದ ಇನ್ನೂ ದೂರ. ಹಸಿರು ಟ್ರಾಲಿ ಬಸ್ಸು 802 ಹಿಡೀರಿ. 1952ರ ಕೊನೆಯಿಂದ ಓಡ್ತಿರೋ ಸೇವೆ. ಎಲ್ಲವೂ ಹಳೇ ಗಾಡಿ ಅಲ್ಲ, ಸ್ವಿಸ್ ಸೆಕೆಂಡ್‌ಹ್ಯಾಂಡ್ ಗಾಡಿಗಳೂ ಇವೆ. ಹಳೇ ಪುಲ್‌ಮನ್ ಕಂಪನಿಯ ಟ್ರಾಲಿ ಬಂದರೆ ಬಿಡಬೇಡಿ.

ಮೇಘನಾ: ದೋಣಿಗೆ ಏನಾದರೂ ಬುಕ್ ಮಾಡಬೇಕಾ?

ವೀಣಕ್ಕ: ಬೇಡ. ಪ್ರಾತ್ ಕಟ್ಟೇಲಿ ಕೂಗ್ತಾನೇ ಇರ್ತಾರೆ. ಜನ ತುಂಬಿದ ಮೇಲೆ ಹೊರಡೋದು, ಅರ್ಧ ಗಂಟೆ ಸುತ್ತು, ನೌಕಾಪಡೆಯ ಹಡಗು, ಕಡಲ ಸಿಂಹ. ಅರ್ಧ ಖಾಲಿ ದೋಣಿ ಹತ್ತಿದರೆ ತುಂಬೋವರೆಗೂ ಬಿಸಿಲಲ್ಲಿ ಕೂರಿಸ್ತಾರೆ. ಅಲೆ ಜೋರಿದ್ದರೆ ಬಂದರಿನ ಅಧಿಕಾರಿಗಳು ಸಣ್ಣ ದೋಣಿ ನಿಲ್ಲಿಸ್ತಾರೆ, ಎಷ್ಟು ಬೇಡಿಕೊಂಡರೂ ಬಿಡಲ್ಲ.

ಶಾರದ ದೊಡ್ಡಮ್ಮ: ಮಂಗಳವಾರ 10ಕ್ಕೆ ನೆರೂಡಾ ಮನೆ. ರಾತ್ರಿ ಅಲ್ಲೇ ಉಳಿಯೋದು. ಶ್ರೀಧರ, ವಿನ್ಯಾ ಬುಧವಾರ ಬೆಳಗ್ಗೆ ನೋಡ್ತೀವಿ ಬಿಡು

ಶ್ರೀಧರ ಚಿಕ್ಕಪ್ಪ: ಆಗಲಿ ಅತ್ತಿಗೆ. ಹಾಗಾದ್ರೆ ವಾಪಸ್ ಬಸ್ಸು ವಿನ್ಯಾದಿಂದಲೇ ಹಿಡೀರಿ, ವಾಲ್ಪರೈಸೊಗೆ ತಿರುಗಿ ಬರೋದು ಬೇಡ. ಮೇಘನಾ, ಟಿಕೆಟ್ ತಗೊಳ್ಳುವಾಗ ಹೊರಡೋ ಊರಿನ ಹೆಸರು ನೋಡ್ಕೊ.